ಟರ್ಬೊ ಇಲ್ಲದ ಸೂಪರ್‌ಕಾರ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ: ಇಂಜಿನ್ ಬಿಟ್ಟು ಮಿಕ್ಕಿದ್ದೆಲ್ಲ ಮೊದಲು ನೋಡಿ

ಫೆರಾರಿ 458 ಇಟಾಲಿಯಾದ ಇಂಜಿನ್ 4,497 ಸಿಸಿ. ಎಂಟು ಸಿಲಿಂಡರ್, ಬೋರ್ (ಸಿಲಿಂಡರ್‌ನ ಅಗಲ) 94 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 81 ಮಿ.ಮೀ. ಪೂರ್ತಿ ಶಕ್ತಿ, ಅಂದರೆ 570 ಪಿಎಸ್ (ಅಶ್ವಶಕ್ತಿ), ಕೈಗೆ ಸಿಗುವುದು 9,000 ಆರ್‌ಪಿಎಂ (ನಿಮಿಷಕ್ಕೆ 9,000 ಸುತ್ತು) ಮುಟ್ಟಿದ ಮೇಲೆಯೇ. ಅಲ್ಲಿ ಒಂದೊಂದು ಪಿಸ್ಟನ್ ಸೆಕೆಂಡಿಗೆ 300 ಸಲ ದಿಕ್ಕು ಬದಲಿಸುತ್ತಿರುತ್ತದೆ. ಅದರ ಸರಾಸರಿ ವೇಗ ಸೆಕೆಂಡಿಗೆ 24.3 ಮೀಟರ್. ಗಾಳಿಯನ್ನು ಒಳಗೆ ತುರುಕಲು ಟರ್ಬೊ ಇಲ್ಲ. ಪಿಸ್ಟನ್ ಕೆಳಗಿಳಿಯುವಾಗ ತಾನೇ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟೇ ಗಾಳಿ, ಅಷ್ಟೇ ಪೆಟ್ರೋಲ್. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಸಲ ಉಸಿರಾಡಬೇಕು. ಈ ಇಂಜಿನ್‌ಗಳು ಅಷ್ಟು ಜೋರಾಗಿ ತಿರುಗುವುದಕ್ಕೂ, ಹಾಗೆ ಕೂಗುವುದಕ್ಕೂ ಇದೇ ಕಾರಣ.

2015ರಲ್ಲಿ 458ರ ಜಾಗಕ್ಕೆ ಬಂದ 488 ಜಿಟಿಬಿಗೆ ಎರಡು ಟರ್ಬೊ. 458ರ 540 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) 6,000 ಆರ್‌ಪಿಎಂನಲ್ಲಿ ಸಿಕ್ಕರೆ, 488ರ 760 ನ್ಯೂಟನ್ ಮೀಟರ್ 3,000ದಲ್ಲೇ ಸಿಕ್ಕಿತು. 2021ರ 296 ಜಿಟಿಬಿಗೆ ಆರೇ ಸಿಲಿಂಡರ್, ಜೊತೆಗೆ ವಿದ್ಯುತ್ ಮೋಟರ್, 7.45 ಕಿಲೋವ್ಯಾಟ್ ಅವರ್ ಬ್ಯಾಟರಿ, ಒಟ್ಟು 830 ಪಿಎಸ್. ಲ್ಯಾಂಬೊರ್ಗಿನಿ ಹುರಾಕಾನ್‌ನ 5.2 ಲೀಟರ್ ವಿ10 (ಹತ್ತು ಸಿಲಿಂಡರ್) ಜಾಗಕ್ಕೆ 2024ರಲ್ಲಿ ಟೆಮೆರಾರಿಯೊ ಬಂತು: ಎರಡು ಟರ್ಬೊ, ಮೂರು ಮೋಟರ್, 920 ಪಿಎಸ್. ಅದೇ ವಿ10 ಇಟ್ಟುಕೊಂಡಿದ್ದ ಆಡಿ ಆರ್8 ಕೂಡ 2024ರಲ್ಲಿ ನಿಂತುಹೋಯಿತು. ಹೊಗೆಯ ನಿಯಮ, ಸದ್ದಿನ ನಿಯಮ ಎರಡೂ ಯುರೋಪಿನಲ್ಲಿ ಬಿಗಿಯಾದವು. ಕಣ ಸೋಸುವ ಫಿಲ್ಟರ್ ಎಕ್ಸಾಸ್ಟ್‌ಗೆ ಬಂದ ಮೇಲೆ ಉಳಿದಿದ್ದ ದನಿಯೂ ತಗ್ಗಿತು.

ಹಾಗಂತ ಮಾರುವವರು ಹೇಳುವಂತೆ ಎನ್‌ಎ (ನ್ಯಾಚುರಲಿ ಆಸ್ಪಿರೇಟೆಡ್, ಅಂದರೆ ಟರ್ಬೊ ಇಲ್ಲದೆ ತಾನೇ ಉಸಿರಾಡುವ) ಇಂಜಿನ್ ಸತ್ತಿಲ್ಲ. ಫೆರಾರಿ 12 ಚಿಲಿಂಡ್ರಿಯ 6.5 ಲೀಟರ್ ವಿ12ಗೆ ಟರ್ಬೊ ಇಲ್ಲ, ಮೋಟರೂ ಇಲ್ಲ, 9,500ವರೆಗೆ ತಿರುಗುತ್ತದೆ. ಲ್ಯಾಂಬೊರ್ಗಿನಿ ರೆವುಎಲ್ಟೊ ಹೈಬ್ರಿಡ್ ಆದರೂ ಅದರ ವಿ12 ತನ್ನಷ್ಟಕ್ಕೆ ಉಸಿರಾಡುವಂಥದ್ದೇ. ಪೋರ್ಷೆ 911 ಜಿಟಿ3ಯ 4 ಲೀಟರ್ ಫ್ಲ್ಯಾಟ್ ಸಿಕ್ಸ್ (ಮಲಗಿಸಿದ ಆರು ಸಿಲಿಂಡರ್) ಇನ್ನೂ 9,000 ಮುಟ್ಟುತ್ತದೆ. ಮುಗಿದದ್ದು ಯುರೋಪಿನ ಈ ದೊಡ್ಡ ಕಂಪನಿಗಳಲ್ಲಿ ಇಂಜಿನ್ ಮಧ್ಯದಲ್ಲಿಟ್ಟುಕೊಂಡ, ಸಂಖ್ಯೆ ಮಿತಿಯಿಲ್ಲದೆ ತಯಾರಾಗುತ್ತಿದ್ದ ವಿ8, ವಿ10 ಕಾರುಗಳ ಸಾಲು. ಬೆಲೆಯ ಮಾತು ಆಡುವಾಗ ಈ ವ್ಯತ್ಯಾಸ ನೆನಪಿರಲಿ.

‘ಕೊನೆಯ ಎನ್‌ಎ’ ಅನ್ನುವ ಮಾತಿಗಷ್ಟೇ ದುಡ್ಡು ಕೊಡಬೇಡಿ. ಲೆಕ್ಸಸ್ ಎಲ್‌ಎಫ್‌ಎ 500 ಮಾತ್ರ, 458 ಸ್ಪೆಚಿಯಾಲೆ ಅಪೆರ್ತಾ 499. ಹುರಾಕಾನ್ ಇಪ್ಪತ್ತು ಸಾವಿರ ದಾಟಿದೆ. ಅದು ಒಳ್ಳೆಯ ಕಾರೇ, ಆದರೆ ಅಪರೂಪದ್ದಲ್ಲ. ಹುರಾಕಾನ್‌ಗಳೊಳಗೆ ಟ್ರ್ಯಾಕ್‌ಗೆ ಹತ್ತಿರದ ಎಸ್‌ಟಿಒ ಬೇರೆ ಮಾತು, 2015ರ ಸಾಮಾನ್ಯ ಎಲ್‌ಪಿ 610-4 ಬೇರೆ ಮಾತು. ಇನ್ನೊಂದು ವ್ಯತ್ಯಾಸ ಗೇರ್‌ದು. ಕೈಯಲ್ಲಿ ಹಾಕುವ ಗೇರ್ ಇರುವ ಫೆರಾರಿ ಎಫ್430, ಲ್ಯಾಂಬೊರ್ಗಿನಿ ಗಲಾರ್ಡೊ, ಮೊದಲ ತಲೆಮಾರಿನ ಆರ್8 ಇವುಗಳಿಗೆ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಹಾಕುವ ಕಾರಿಗಿಂತ ಎಷ್ಟು ಹೆಚ್ಚು ಬೆಲೆ ಅಂದರೆ, ಪ್ಯಾಡಲ್ ಎಫ್430ಯನ್ನು ಮ್ಯಾನುಯಲ್‌ಗೆ ಬದಲಿಸಿ ಮಾರುವವರೂ ಇದ್ದಾರೆ. ಬದಲಿಸಿದ್ದು ತಪ್ಪಲ್ಲ, ಕಾರ್ಖಾನೆಯಿಂದಲೇ ಹಾಗೆ ಬಂದದ್ದೆಂದು ಮಾರಿದರೆ ತಪ್ಪು. ಚಾಸಿ ನಂಬರ್ ಕೊಟ್ಟು ಮೂಲ ಬಿಲ್ಡ್ ಶೀಟ್ (ಕಾರ್ಖಾನೆಯ ದಾಖಲೆ) ತರಿಸಿ ನೋಡಿ. 458ಕ್ಕೆ ಮ್ಯಾನುಯಲ್ ಬರಲೇ ಇಲ್ಲ, ಆ ಚಿಂತೆಯೂ ಇಲ್ಲ.

ಎನ್‌ಎ ಕಾರುಗಳ ಬೆಲೆ ಇಳಿಯದಂತೆ ಹಿಡಿದಿಡುವುದು ದನಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ರಿಪೇರಿ. ಇಪ್ಪತ್ತು ವರ್ಷದ ಮೇಲೂ ಬೇರಿಂಗ್, ವಾಲ್ವ್, ಚೈನ್ ಬದಲಿಸಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಹೈಬ್ರಿಡ್‌ನ ಬ್ಯಾಟರಿಗೆ ಓಡಿಸಿದರೂ ವಯಸ್ಸಾಗುತ್ತದೆ, ನಿಲ್ಲಿಸಿದರೂ ವಯಸ್ಸಾಗುತ್ತದೆ. ಹೈಬ್ರಿಡ್‌ಗಳಿಗೆ ಎಂಟನೇ ಮತ್ತು ಹದಿನಾರನೇ ವರ್ಷ ಬ್ಯಾಟರಿ ಬದಲಿಸಿಕೊಡುವ ವಿಸ್ತರಿತ ವಾರಂಟಿಯನ್ನು ಫೆರಾರಿಯೇ ತಂದಿರುವುದು ಕೊಳ್ಳುವವರ ಈ ಹೆದರಿಕೆ ಗೊತ್ತಿದ್ದೇ. ಫೆರಾರಿಯ ಹೈಬ್ರಿಡ್ ಎಸ್‌ಎಫ್90 ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಬೆಲೆ ಕಳೆದುಕೊಂಡ ರೀತಿಗೂ ಇದೇ ಹೆದರಿಕೆ ಒಂದು ಕಾರಣ.

ಆದರೆ ಎನ್‌ಎ ಕಾರು ಕೈಕೊಡುವುದಿಲ್ಲ ಅಂದುಕೊಂಡರೆ ಮೋಸ ಹೋದಿರಿ. ಇಂಜಿನ್ ಕೈಕೊಡುವುದು ಕಡಿಮೆ. ಅದರ ಸುತ್ತ ಇರುವುದು ಕೈಕೊಡುತ್ತದೆ.

458ರಲ್ಲಿ ಮೊದಲು ನೋಡಬೇಕಾದ್ದು ಏಳು ಗೇರ್‌ಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಇದರಲ್ಲಿ 1, 3, 5, 7 ಒಂದು ಕ್ಲಚ್‌ಗೆ, 2, 4, 6 ಇನ್ನೊಂದಕ್ಕೆ. ಶಾಫ್ಟ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಹೇಳುವ ಸೆನ್ಸರ್‌ಗಳು ಪೆಟ್ಟಿಗೆಯ ಒಳಗೇ, ಬಿಸಿ ಎಣ್ಣೆಯಲ್ಲಿ ಕೂತಿರುತ್ತವೆ. ಒಂದು ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೆ ಕಂಪ್ಯೂಟರ್ ಆ ಬದಿಯ ಗೇರ್‌ಗಳನ್ನೇ ಮುಚ್ಚಿಬಿಡುತ್ತದೆ. ಡ್ಯಾಶ್‌ನಲ್ಲಿ ಗೇರ್‌ಬಾಕ್ಸ್ ಎಚ್ಚರಿಕೆ ಬರುತ್ತದೆ, ಕಾರು ಬೆಸ ಗೇರ್‌ಗಳಲ್ಲೋ ಸಮ ಗೇರ್‌ಗಳಲ್ಲೋ ಮಾತ್ರ ಓಡುತ್ತದೆ, ಇಲ್ಲವೇ ನಿಂತಲ್ಲೇ ನ್ಯೂಟ್ರಲ್‌ಗೆ ಬೀಳುತ್ತದೆ. ಕೆಡುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಭಾಗ. ಆದರೂ ಹಲವು ವರ್ಷ ಇದಕ್ಕಿದ್ದ ಮದ್ದು ಪೂರ್ತಿ ಗೇರ್‌ಬಾಕ್ಸ್ ಬದಲಿಸುವುದು. ಈಗ ಸೆನ್ಸರ್ ಮಾತ್ರ ಬದಲಿಸಬಲ್ಲ ಸ್ವತಂತ್ರ ವರ್ಕ್‌ಶಾಪ್‌ಗಳು ಹುಟ್ಟಿವೆ. ಹಾಗಾಗಿ ಫೈಲಿನಲ್ಲಿ ‘ಗೇರ್‌ಬಾಕ್ಸ್ ಕೆಲಸ’ ಅಂತ ಬರೆದಿದ್ದರೆ ಸಾಲದು: ಪೂರ್ತಿ ಬದಲಾಯಿತೋ, ಸೆನ್ಸರ್ ಮಾತ್ರವೋ, ಯಾವ ವರ್ಷ, ಬಿಲ್ ಎಲ್ಲಿ?

ಪರೀಕ್ಷೆಗೆ ಹೋಗುವ ದಿನ ಕಾರು ತಣ್ಣಗಿರಲಿ. ನೀವು ಬರುವ ಮುಂಚೆಯೇ ‘ಬಿಸಿ ಮಾಡಿ’ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರಿವರ್ಸ್, ಒಂದು, ಮತ್ತೆ ರಿವರ್ಸ್. ಆಮೇಲೆ ಮ್ಯಾನುಯಲ್ ಮೋಡ್‌ನಲ್ಲಿ ಏಳೂ ಗೇರ್ ಹತ್ತಿಸಿ ಇಳಿಸಿ. ನಲವತ್ತು ನಿಮಿಷ ಓಡಿಸಿ, ನಿಲ್ಲಿಸಿ, ಬಿಸಿಯಲ್ಲೇ ಮತ್ತೊಮ್ಮೆ ಅದೇ ಸರದಿ. ಸೆನ್ಸರ್ ತೊಂದರೆ ಬಿಸಿಯಲ್ಲಿ ತಲೆ ಎತ್ತುವುದೇ ಹೆಚ್ಚು. ಬಳಿಕ ಕಾರಿನ ಕಂಪ್ಯೂಟರ್ ಓದುವ ಟೆಸ್ಟರ್ ಹಾಕಿಸಿ ಹಳೆಯ ಫಾಲ್ಟ್ ಕೋಡ್‌ಗಳನ್ನು ಓದಿಸಿ. ಕೋಡ್ ಪಟ್ಟಿ ಪೂರ್ತಿ ಖಾಲಿ ಇದ್ದರೆ ಖುಷಿ ಪಡಬೇಡಿ, ನಿನ್ನೆ ಅಳಿಸಿರಬಹುದು. 2010ರ ಕಾರಾದರೆ ಚಕ್ರದ ಕಮಾನಿನ ಒಳಗಿನ ಶಾಖ ತಡೆ ಹಾಳೆಯ ರೀಕಾಲ್ ಆಗಿದೆಯೇ ಕೇಳಿ. ಅಂಟು ಬಿಸಿಗೆ ಕರಗಿ ಬೆಂಕಿ ಹತ್ತಿದ ಪ್ರಕರಣಗಳಿದ್ದವು. ಅಂಟಿನ ಬದಲು ರಿವಿಟ್ ಹಾಕಿಕೊಟ್ಟರು.

ಲ್ಯಾಂಬೊರ್ಗಿನಿ ಅವೆಂಟಡೋರ್‌ನದು ಬೇರೆ ಕಥೆ. ಅದರ ಗೇರ್‌ಬಾಕ್ಸ್‌ಗೆ ಒಂದೇ ಕ್ಲಚ್. ಸಿಗ್ನಲ್‌ನಲ್ಲಿ ಇಂಚಿಂಚೇ ಮುಂದೆ ಜಾರಿಸಿದರೆ, ಬೇಸ್‌ಮೆಂಟಿನ ಏರಿನಲ್ಲಿ ರಿವರ್ಸ್ ಹಿಡಿದರೆ ಕ್ಲಚ್ ಸವೆಯುತ್ತದೆ. ಎರಡೂ ಪ್ಯಾಡಲ್ ಒಟ್ಟಿಗೆ ಎಳೆದು ನ್ಯೂಟ್ರಲ್‌ಗೆ ಹಾಕಿ ಕಾಯುವುದು ಇದಕ್ಕೆ ದಾರಿ. ಎಷ್ಟು ಕ್ಲಚ್ ಉಳಿದಿದೆ ಅನ್ನುವುದನ್ನು ಟೆಸ್ಟರ್ ತೋರಿಸುತ್ತದೆ. ಆ ಪ್ರಿಂಟ್ ಇಲ್ಲದೆ ಬೆಲೆ ಮಾತಾಡಬೇಡಿ.

ಒಳಗೆ ಕೂತಾಗ ಬಟನ್‌ಗಳ ಮೇಲೆ ಬೆರಳಿಡಿ. ರಬ್ಬರಿನಂಥ ಮೃದು ಲೇಪನ ಬಿಸಿಲು, ತೇವಕ್ಕೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಆ ಕಾಲದ ಫೆರಾರಿಗಳಿಗೆ ಇದು ಮಾಮೂಲಿ ರೋಗ. ಅಸಿಟೋನ್ ಹಾಕಿ ಉಜ್ಜಿದರೆ ಲೇಪನದ ಜೊತೆ ಚಿಹ್ನೆಯೂ ಹೋಗುತ್ತದೆ. ಬಟನ್ ಬಿಚ್ಚಿ ಮತ್ತೆ ಬಣ್ಣ ಹೊಡೆಸಿ ಚಿಹ್ನೆ ಹಾಕಿಸುವ ಕೆಲಸ ಇದು. ಮುಂದಿನ ಗಾಜಿನ ಬುಡದಲ್ಲಿ ಡ್ಯಾಶ್‌ನ ಚರ್ಮ ಕುಗ್ಗಿ ಅಂಚು ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ ಕಾರು ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತಿದೆ ಎಂದೇ ತಿಳಿಯಿರಿ. ಮ್ಯಾಗ್ನೆಟಿಕ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸೋರುವುದು ಆರ್8ರಲ್ಲಿ ತುಂಬಾ ಸಾಮಾನ್ಯ. ಚಕ್ರದ ಹಿಂದೆ ಟಾರ್ಚ್ ಬಿಟ್ಟು ಡ್ಯಾಂಪರ್ ಮೈಮೇಲೆ ಎಣ್ಣೆ ಜಿಡ್ಡಿದೆಯೇ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಇಂಜಿನ್. ಆರ್8ರ 4.2 ವಿ8ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವವರಿಲ್ಲ. ಬ್ರೀದರ್‌ನಿಂದ (ಇಂಜಿನ್ನಿನ ಆವಿ ಹೊರಬಿಡುವ ಕೊಳವೆ) ಬರುವ ಎಣ್ಣೆಯ ಆವಿ ವಾಲ್ವ್ ಬೆನ್ನ ಮೇಲೆ ಕಪ್ಪಗೆ ಕಟ್ಟಿ, ತಣ್ಣಗಿರುವಾಗ ಐಡಲ್ ತಡವರಿಸುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಸೋರುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ ವಾಲ್ನಟ್ ಚಿಪ್ಪಿನ ಪುಡಿ ಊದಿ ಕೆರೆಯಬೇಕು. ಹುರಾಕಾನ್‌ನಲ್ಲಿ ವಾಲ್ವ್‌ಗೆ ಮುಂಚಿನ ಪೋರ್ಟ್‌ಗೂ ಇಂಜೆಕ್ಟರ್ ಇರುವುದರಿಂದ ಈ ಕಾಟ ಕಡಿಮೆ. ಪೋರ್ಷೆ 911ರ 991 ತಲೆಮಾರಿನ ಮೊದಲ ಜಿಟಿ3 (3.8 ಲೀಟರ್) ನೋಡುತ್ತಿದ್ದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಇಂಜಿನ್ ಬದಲಾಗಿದೆಯೇ, ಯಾವ ವರ್ಷ? 2014ರಲ್ಲಿ ಕನೆಕ್ಟಿಂಗ್ ರಾಡ್‌ನ ಬೋಲ್ಟ್ ಸಡಿಲಗೊಂಡು ಬೆಂಕಿ ಬಿದ್ದದ್ದರಿಂದ 785 ಕಾರುಗಳ ಇಂಜಿನ್ ಬದಲಿಸಬೇಕಾಯಿತು. ಮುಂದೆ ವಾಲ್ವ್ ತಳ್ಳುವ ಫಿಂಗರ್ ಫಾಲೋವರ್ ಸವೆಯುವ ದೂರುಗಳು ಬಂದು ಇಂಜಿನ್‌ಗೆ ಹತ್ತು ವರ್ಷದ ವಾರಂಟಿ ಕೊಟ್ಟರು. ಆ ಹತ್ತು ವರ್ಷ ಈಗ ಮುಗಿಯುತ್ತ ಬಂದಿದೆ, ಹಲವು ಕಾರುಗಳಿಗೆ ಮುಗಿದೇ ಹೋಗಿದೆ.

ಮ್ಯಾನುಯಲ್ ಜಿಟಿ3ಗೆ ಓವರ್‌ರೆವ್ (ಇಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕದ) ವರದಿ ತೆಗೆಸಿ. ಐದರಿಂದ ನಾಲ್ಕಕ್ಕೆ ಇಳಿಸುವ ಬದಲು ಎರಡಕ್ಕೆ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ಮಿತಿ ದಾಟಿ ತಿರುಗಿಸುತ್ತವೆ, ಆರ್‌ಪಿಎಂ ಮಿತಿ ದಾಟದಂತೆ ತಡೆಯುವ ಲಿಮಿಟರ್ ಏನೂ ಮಾಡಲಾರದು. ಕಂಪ್ಯೂಟರ್ ಇದನ್ನು ಆರು ಹಂತಗಳಲ್ಲಿ ಎಣಿಸಿಡುತ್ತದೆ. ಮೊದಲ ಮೂರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಮೂರರಲ್ಲಿ ಲೆಕ್ಕ ಇದ್ದರೆ ಅದು ಯಾವ ಗಂಟೆಯಲ್ಲಿ ಆದದ್ದು ಅಂತ ನೋಡಿ. ಆಮೇಲೆ ನೂರಾರು ಗಂಟೆ ಸರಿಯಾಗಿ ಓಡಿದ್ದರೆ ಭಯ ಕಡಿಮೆ. ಅದೇ ವರದಿಯ ಒಟ್ಟು ಗಂಟೆಯಿಂದ ಓಡೋಮೀಟರ್ ಕಿಲೋಮೀಟರನ್ನು ಭಾಗಿಸಿ. 12,000 ಕಿ.ಮೀ.ಗೆ 300 ಗಂಟೆ, ಅಂದರೆ ಗಂಟೆಗೆ 40 ಬಂದರೆ ಸಹಜ. 12, 15 ಬಂದರೆ ಒಂದೋ ಕಾರು ಐಡಲ್‌ನಲ್ಲೇ ಬದುಕಿದೆ, ಇಲ್ಲವೇ ಓಡೋಮೀಟರ್ ಸುಳ್ಳು ಹೇಳುತ್ತಿದೆ.

ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್‌ನ ದಪ್ಪ ಅಳೆದು ಸುಮ್ಮನಾಗಬೇಡಿ. ಟ್ರ್ಯಾಕ್‌ನಲ್ಲಿ ಕಾದಾಗ ಒಳಗಿನ ಕಾರ್ಬನ್ ಎಳೆ ಸುಟ್ಟುಹೋಗಿ, ದಪ್ಪ ಹಾಗೇ ಇದ್ದು ತೂಕ ಇಳಿದಿರುತ್ತದೆ. ಪೋರ್ಷೆ ಡಿಸ್ಕ್‌ನ ಮೇಲೆ ಕನಿಷ್ಠ ತೂಕ ಕೆತ್ತಿರುತ್ತದೆ. ಬಿಚ್ಚಿ ತಕ್ಕಡಿಯಲ್ಲಿಟ್ಟು ನೋಡಬೇಕು.

‘ಹತ್ತು ವರ್ಷದಲ್ಲಿ ಮೂರು ಸಾವಿರ ಕಿಲೋಮೀಟರ್ ಮಾತ್ರ’ ಅನ್ನುವ ಜಾಹೀರಾತಿಗೆ ಮರುಳಾಗುವವರೇ ಹೆಚ್ಚು. ನಿಂತ ಕಾರಿನ ಸೀಲ್ ಒಣಗುತ್ತದೆ, ಟೈರ್ ಗಟ್ಟಿಯಾಗುತ್ತದೆ. ಟೈರಿನ ಮೇಲಿನ ಕೊನೆಯ ನಾಲ್ಕಂಕಿ 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದನ್ನು, ಟ್ರೆಡ್ ಎಷ್ಟೇ ಆಳವಿರಲಿ, ಬದಲಿಸಿ. ಹಳೆಯ ಟೈರ್ ಸಾವಿಗೆ ಹತ್ತಿರದ ದಾರಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಕಾರಿಗೆ ಸೇವೆಯಲ್ಲ: ಎಣ್ಣೆಗೆ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗುವಷ್ಟು ಬಿಸಿ ಏರುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಎಣ್ಣೆ 90 ಡಿಗ್ರಿ ಮುಟ್ಟಿದ ಮೇಲೆ ಇಪ್ಪತ್ತು ನಿಮಿಷ ಓಡಿಸಿ, ಮಿಕ್ಕ ದಿನ ಬ್ಯಾಟರಿ ಮೇಂಟೇನರ್ ಹಾಕಿಡಿ. ಮೀಟರ್‌ನಲ್ಲಿ ನೀರಿನ ಶಾಖದ ಮುಳ್ಳು ಬೇಗ ಮೇಲೇರುತ್ತದೆ, ಎಣ್ಣೆಯದು ನಿಧಾನ. ಎಣ್ಣೆ 70 ದಾಟುವವರೆಗೆ 4,000 ಆರ್‌ಪಿಎಂ ಮೀರಬೇಡಿ. ಡ್ರೈ ಸಂಪ್ (ಎಣ್ಣೆಗೆ ಬೇರೆಯೇ ಟ್ಯಾಂಕ್ ಇರುವ) ಇಂಜಿನ್ನಿನ ಎಣ್ಣೆಯನ್ನು ತಣ್ಣಗಿರುವಾಗ ಅಳೆದರೆ ಟ್ಯಾಂಕ್‌ನಿಂದ ಒಳಗೆ ಇಳಿದಿರುವ ಎಣ್ಣೆ ಲೆಕ್ಕಕ್ಕೆ ಸಿಗದೆ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಒಂದು ಲೀಟರ್ ಸುರಿದರೆ ಹೆಚ್ಚಾದದ್ದು ಬ್ರೀದರ್ ಮೂಲಕ ಇನ್‌ಟೇಕ್‌ಗೆ ನುಗ್ಗಿ ನೀಲಿ ಹೊಗೆ. ಕೈಪಿಡಿಯಲ್ಲಿ ಹೇಳಿದ ಹಾಗೆ ಬಿಸಿಯಲ್ಲೇ ನೋಡಿ.

ನಮ್ಮ ಕಡೆ ಇಂಥ ಕಾರು ಇಟ್ಟುಕೊಳ್ಳುವವರಿಗೆ ಪೆಟ್ರೋಲ್ ಒಂದು ತಲೆನೋವು. ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಹೋಸ್‌ಗಳಿಗೆ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಟ್ಯಾಂಕ್‌ಗೆ ಸಲ್ಲದ ಇಂಧನ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100ನಲ್ಲಿ ಎಥನಾಲ್ ಇಲ್ಲ, ಬೆಂಗಳೂರಿನ ಆಯ್ದ ಬಂಕ್‌ಗಳಲ್ಲಿ ಸಿಗುತ್ತದೆ. ದುಬಾರಿ ನಿಜ, ಆದರೆ ಕಾರು ನಿಲ್ಲಿಸುವ ಮುಂಚಿನ ಕೊನೆಯ ಟ್ಯಾಂಕ್ ಅದೇ ಆಗಿರಲಿ.

ಲಂಡನ್ ಹರಾಜಿನ ಬೆಲೆ ನೋಡಿ ಇಲ್ಲಿಯ ಕಾರಿಗೆ ಲೆಕ್ಕ ಹಾಕುವುದೂ ತಪ್ಪು. ಇಲ್ಲಿಯ ಬೆಲೆಯೊಳಗೆ ಆಮದು ಸುಂಕ ಕೂತಿದೆ. ಆ ಸುಂಕವನ್ನು ಹೊರದೇಶದ ಯಾವ ಕೊಳ್ಳುವವನೂ ನಿಮಗೆ ತುಂಬಿಕೊಡುವುದಿಲ್ಲ. ನಿಮ್ಮ ಗಿರಾಕಿ ಈ ದೇಶದೊಳಗಿನವನೇ. ಇನ್ನೊಂದು ಖರ್ಚು ನಂಬರ್ ಪ್ಲೇಟ್‌ನಲ್ಲಿ ಅಡಗಿರುತ್ತದೆ. ಹೊರ ರಾಜ್ಯದ ನೋಂದಣಿಯ ಕಾರು ಇಲ್ಲಿ 12 ತಿಂಗಳು ಮೀರಿ ಇದ್ದರೆ ಇಲ್ಲಿಯ ನಂಬರ್ ಪಡೆದು ತೆರಿಗೆ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆದರು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಎಸ್‌ಎಫ್90 ಒಂದಕ್ಕೆ ಸುಮಾರು 1.42 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಟೋಕನ್ ಕೊಡುವ ಮುಂಚೆ ಆರ್‌ಸಿಯ ರಾಜ್ಯ, ಫಾರ್ಮ್ 28ರ ಎನ್‌ಒಸಿ, ಕಾರಿನ ವಯಸ್ಸಿಗೆ ಇಲ್ಲಿ ಬೀಳುವ ತೆರಿಗೆ ಇಷ್ಟನ್ನೂ ಆರ್‌ಟಿಒದಲ್ಲಿ ಕೇಳಿ, ಆ ಮೊತ್ತವನ್ನು ಮಾರುವವನ ಬೆಲೆಯಿಂದ ಕಳೆದು ಮಾತಿಗೆ ಕೂರಿ.