ಕಣ್ವತೀರ್ಥದ ದಡದಲ್ಲಿ

ಮಂಜೇಶ್ವರದ ಹತ್ತಿರದ ಕಣ್ವತೀರ್ಥ ಕಡಲತೀರದ ಮರಳಲ್ಲಿ ಇವತ್ತು ಊಟದ ತಟ್ಟೆಯಷ್ಟು ಅಗಲದ ಜೆಲ್ಲಿಫಿಶ್ ಬಿದ್ದಿತ್ತು. ಸತ್ತಿದೆ ಅಂತ ಹುಡುಗನೊಬ್ಬ ಕೈ ಹಾಕಲು ಹೊರಟ. "ಮುಟ್ಟಬೇಡ ಮಗಾ" ಅಂದರು ಬಲೆ ಬಿಡಿಸುತ್ತಿದ್ದ ಅಜ್ಜ. ನಿಜ, ಸತ್ತ ಮೇಲೂ ಅದರ ಎಳೆಗಳು ಚುಚ್ಚುತ್ತವೆ. ಚುಚ್ಚಿದ ಜಾಗವನ್ನು ಉಜ್ಜಬಾರದು, ಸಿಹಿನೀರೂ ಹಾಕಬಾರದು. ಉರಿ ಜಾಸ್ತಿಯಾಗುತ್ತದೆ. ಸಮುದ್ರದ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಬೇಕು. ಮೂತ್ರ ಹೊಯ್ಯುವ ಸಲಹೆ ಯಾರು ಶುರು ಮಾಡಿದರೋ! ಉಸಿರಾಡಲು ಕಷ್ಟವಾದರೆ ಸೀದಾ ಆಸ್ಪತ್ರೆಗೆ.

ಬಾಲದಲ್ಲಿ ಮುಳ್ಳಿರುವ ಚಪ್ಪಟೆ ತೊರಕೆ ಮೀನಿಗೆ (ಸ್ಟಿಂಗ್‌ರೇ) ಉಪಾಯ ಬೇರೆ. ಕಾಲೆತ್ತಿ ಇಡದೆ ಮರಳಲ್ಲಿ ಎಳೆಯುತ್ತಾ ನಡೆದರೆ ಆ ಕಂಪನಕ್ಕೆ ಅದೇ ಸರಿದು ಹೋಗುತ್ತದೆ. ತುಳಿದರೆ ಮಾತ್ರ ಬಾಲ ಬೀಸುವುದು. ತೊರಕೆ ಸಾರು ಚಪ್ಪರಿಸುವ ನಮಗೆ ಆ ಬಾಲದ ಮುಳ್ಳು ಕಾಣುವುದೇ ಇಲ್ಲ, ಮಾರ್ಕೆಟ್‌ನಲ್ಲೇ ಕತ್ತರಿಸಿ ಕೊಡುತ್ತಾರಲ್ವಾ.