ತುಕ್ಕಿಗೆ ಪುಟ್ಟಿ ಹಚ್ಚಿದರೆ ಸಾಲದಾ?

ಮುಂಬೈ ಸೀಮೆಯ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರ ಮನೆಯಲ್ಲಿ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಇನ್ನೂ ಉಳಿದಿದ್ದರೆ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಅಣ್ಣಾ, ಬಾಗಿಲ ಕೆಳಗೆ ಸ್ವಲ್ಪ ತುಕ್ಕು ಬಂದಿದೆ. ಉಜ್ಜಿ, ಪುಟ್ಟಿ ಹಚ್ಚಿ, ಪೇಂಟ್ ಹೊಡೆಸಿದ್ರೆ ಸಾಕಲ್ವಾ?"

ಸಾಲದು.

ಪೇಂಟಿನ ಮೇಲೆ ಗುಳ್ಳೆ ಎದ್ದಿದೆ ಅಂದರೆ ಹೆಚ್ಚಿನ ಸಲ ತುಕ್ಕು ಒಳಗಿನಿಂದ ಹೊರಗೆ ಬಂದಿರುತ್ತದೆ. ಕಬ್ಬಿಣ ತುಕ್ಕಾಗುವಾಗ ಊದಿಕೊಳ್ಳುತ್ತದೆ. ಮೊದಲಿಗಿಂತ ಜಾಸ್ತಿ ಜಾಗ ಬೇಕಾಗಿ ಪೇಂಟನ್ನು ಎತ್ತುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಗಟ್ಟಿ ಇದ್ದರೆ ಬಗ್ಗುವುದಿಲ್ಲ. ತಿಂದು ಹೋಗಿದ್ದರೆ ತೂತೇ ಬೀಳುತ್ತದೆ. ಹೊರಗೆ ನಾಲ್ಕಾಣೆಯಷ್ಟು ಕಂಡದ್ದು ಒಳಗೆ ಅಂಗೈಯಗಲ ಇರಬಹುದು.

ಮುಂಬೈಯಲ್ಲಿ ಇದು ಬೇಗ ಹಬ್ಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷವಿಡೀ ಸಮುದ್ರದ ಗಾಳಿ. ತುಕ್ಕು ಹಿಡಿಯುವಾಗ ಲೋಹದಲ್ಲಿ ಸಣ್ಣಗೆ ವಿದ್ಯುತ್ ಹರಿಯುತ್ತದೆ. ಉಪ್ಪು ಸೇರಿದ ನೀರಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಹಾಗಾಗಿ ತುಕ್ಕಿನ ಕೆಲಸವೂ ಚುರುಕು. ಅದರ ಮೇಲೆ ಪುಟ್ಟಿ ಹಚ್ಚಿದರೆ ಅದು ಪಸೆ ಹೀರಿ ತಗಡಿಗೇ ಅಂಟಿಸಿ ಇಡುತ್ತದೆ. ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಒಂದೆರಡು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ತುಕ್ಕಿನ ಮೇಲೆ ಬಳಿಯುವ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಕಥೆಯೂ ಇಷ್ಟೇ.

ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಮಾತು ಬೇರೆ. ವೈರ್ ಬ್ರಷ್‌ನಿಂದ ಉಜ್ಜಿ, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚಿ, ಪ್ರೈಮರ್ ಹೊಡೆದರೆ ಸಾಕು. ತೂತು ಬಿದ್ದ ಮೇಲೆ ಕತ್ತರಿಸಲೇಬೇಕು. ಎಲ್ಲಿಯವರೆಗೆ? ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ. ಇಲ್ಲಿ ಜಿಪುಣತನ ಮಾಡಬೇಡಿ. ಕೊಳೆತ ಅಂಚಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ.

ಪದ್ಮಿನಿಯಲ್ಲಿ ಇನ್ನೊಂದು ಎಚ್ಚರ ಬೇಕು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದ, ಫಿಯಟ್ 1100ರ ವಂಶದ ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ಅದರ ಬೆನ್ನೆಲುಬು. ಒಳಗೆ ಅಡ್ಡ ಪೈಪ್ ಬಿಗಿಯದೆ, ಗಾಡಿಗೆ ಸರಿಯಾಗಿ ಆಸರೆ ಕೊಡದೆ ಸಿಲ್ ಕತ್ತರಿಸಿದರೆ ಬಾಡಿ ಬಗ್ಗುತ್ತದೆ. ಆಮೇಲೆ ಬಾಗಿಲು ಸರಿಯಾಗಿ ಕೂರುವುದೇ ಇಲ್ಲ. ಕಿಡಿ ಹಾರುವ ಮೊದಲು ಬ್ಯಾಟರಿ, ಸೀಟು, ಮ್ಯಾಟ್ ಹೊರಗಿರಲಿ. ಹಿಂದೆ ಕೆಲಸವಿದ್ದರೆ ಪೆಟ್ರೋಲ್ ಟ್ಯಾಂಕನ್ನೂ ಬಿಚ್ಚಿಸಿ.

ತೇಪೆಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ತಗಡು ನನಗೆ ಸರಿ ಅನಿಸುತ್ತದೆ. ಮಿಗ್ ವೆಲ್ಡಿಂಗ್ (ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವುದು) ಇರುವ ಡೆಂಟರ್‌ನನ್ನೇ, ಅಂದರೆ ಬಾಡಿ ರಿಪೇರಿಯವನನ್ನೇ ಹುಡುಕಿ. ಗ್ಯಾಸ್ ವೆಲ್ಡಿಂಗ್‌ನ ಬಿಸಿ ಅಗಲಕ್ಕೆ ಹರಡಿ ತಗಡು ಅಲೆಅಲೆಯಾಗುತ್ತದೆ. ಮಿಗ್‌ನಲ್ಲೂ ಒಂದೇ ಎಳೆಯಲ್ಲಿ ಬೆಸೆಯಬಾರದು. ಇಲ್ಲೊಂದು ಚುಕ್ಕಿ, ಆ ತುದಿಯಲ್ಲೊಂದು ಚುಕ್ಕಿ, ನಡುವೆ ಆರಲು ಬಿಡಬೇಕು. ನಿಧಾನದ ಕೆಲಸ. ಇದನ್ನು ತಾಳ್ಮೆಯಿಂದ ಮಾಡುವವರ ಕೈ ನೋಡುತ್ತಾ ನಿಲ್ಲುವುದೇ ನನಗೆ ಖುಷಿ.

ಬರೀ ಲೋಹವನ್ನು ಮುಂಬೈ ಹವೆಯಲ್ಲಿ ರಾತ್ರಿ ಬಿಡಬೇಡಿ, ಬೆಳಗ್ಗೆ ಕೆಂಪು ಕಾಣುತ್ತದೆ. ಅದೇ ದಿನ ಎಪಾಕ್ಸಿ ಪ್ರೈಮರ್, ಆಮೇಲೆ ಸಂದುಗಳಿಗೆ ಸೀಲರ್. ಪುಟ್ಟಿ ಬರುವುದು ಇದರ ಮೇಲೆ, ತೆಳ್ಳಗೆ, ಏರುತಗ್ಗು ಸರಿ ಮಾಡಲು ಮಾತ್ರ. ಪೇಂಟ್ ಆದ ಮೇಲೆ ಸಿಲ್‌ನ ಒಳಗಿನ ಪೊಳ್ಳಿಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ ಸಿಂಪಡಿಸಬೇಕು. ಹೊರಗಿನಿಂದ ಕಾಣದ ಕಾರಣ ಇದನ್ನೇ ಬಿಟ್ಟುಬಿಡುತ್ತಾರೆ.

ನೀರು ಎಲ್ಲಿಂದ ಬಂತು ಅಂತ ಹುಡುಕದೆ ಗಾಡಿ ವಾಪಸ್ ತರಬೇಡಿ. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಡೆದಿರುತ್ತದೆ. ಬಾಗಿಲ ಅಡಿಯ ನೀರು ಹೋಗುವ ತೂತು ಮಣ್ಣಿನಿಂದ ಮುಚ್ಚಿರುತ್ತದೆ. ಕೆಲಸ ಮಳೆ ಮುಗಿದ ಮೇಲೆ, ನವೆಂಬರ್ ನಂತರ ಇಟ್ಟುಕೊಳ್ಳಿ.

ಗ್ಯಾರೇಜಿನವರಿಗೆ ಮೊದಲೇ ಒಂದು ಮಾತು ಹೇಳಿಡಿ: "ದಾದಾ, ಕತ್ತರಿಸಿದ ಮೇಲೆ ಒಮ್ಮೆ, ವೆಲ್ಡಿಂಗ್ ಆದ ಮೇಲೆ ಒಮ್ಮೆ ನನಗೆ ತೋರಿಸಬೇಕು. ಅಲ್ಲಿಯವರೆಗೆ ಪ್ರೈಮರ್ ಬೇಡ." ಫೋನ್ ಬಂದ ಕೂಡಲೇ ನೀವು ಹೊರಡಬೇಕು, ಅಷ್ಟೇ. ಇದಕ್ಕೆ ಒಪ್ಪದ ಕಡೆ ನಾನು ಗಾಡಿ ಬಿಡುವುದಿಲ್ಲ.