ಸರ್ವರ್ ನಿಧಾನ ಅಂತ ಮೂರು ಸಲ ರೀಸ್ಟಾರ್ಟ್ ಮಾಡಿದೆ

ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ, 43 ಡಿಗ್ರಿ ಅಂದರೂ ಇಲ್ಲಿ ಸುದ್ದಿಯಲ್ಲ. ಅಂಥದ್ದೇ ಒಂದು ಬೆಳಿಗ್ಗೆ, ನಾನು ಸಿಸ್ಟಮ್ ನೋಡಿಕೊಳ್ಳುವ ದಾಲ್ ಮಿಲ್ಲಿನಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು. ಸರ್ವರ್ ಧೊಪ್ಪನೆ ಆಫ್.

ಕರೆಂಟ್ ಬಂದ ಮೇಲೆ ಎರಡೇ ನಿಮಿಷದಲ್ಲಿ ಸರ್ವರ್ ಎದ್ದು ಕೂತಿತು. ಬಚಾವಾದೆ ಅಂದುಕೊಂಡು ಚಹಾಕ್ಕೆ ಹೊರಟೆ. ಕಪ್ಪು ಕೈಗೆ ಬರುವ ಮೊದಲೇ ಮುನೀಮರ ಫೋನ್. "ಸರ್, ಲಾರಿ ಗೇಟಿನಾಗ ನಿಂತದ್ರೀ, ಬಿಲ್ಲೇ ಹೊರಗ ಬರವಲ್ದು."

ಮೊದಲು ನೆಟ್‌ವರ್ಕ್ ಸ್ವಿಚ್ಚನ್ನು ಬೈದೆ. ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರನ್ನು. ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆ: ರೀಸ್ಟಾರ್ಟ್. ಒಂದು ನಿಮಿಷ ಚೆನ್ನಾಗಿ ಓಡಿತು, ಮತ್ತೆ ಅದೇ ಗೋಳು. ಇನ್ನೊಮ್ಮೆ ರೀಸ್ಟಾರ್ಟ್. ಮತ್ತೊಮ್ಮೆ. ಪ್ರತಿ ಸಲ ಆ ಒಂದು ನಿಮಿಷ ಮಾತ್ರ ಸರಿ ಇರುತ್ತಿತ್ತು. ಅದೇ ಸುಳಿವು ಅಂತ ಆಗ ಹೊಳೆಯಲಿಲ್ಲ.

ನಾಲ್ಕನೇ ಸಲ ಕೈ ಕಟ್ಟಿ ಕೂತು ನೋಡಿದೆ. ಸಿಪಿಯು ಬಹುಪಾಲು ಖಾಲಿ. ಡಿಸ್ಕ್ ಮಾತ್ರ ನೂರಕ್ಕೆ ನೂರು ಬಿಝಿ. ಪ್ರೋಸೆಸ್ ಪಟ್ಟಿಯಲ್ಲಿ ಮೂಲೆಯಲ್ಲಿ ಒಂದು ಹೆಸರು: ಎಫ್‌ಎಸ್‌ಸಿಕೆ, ಅಂದರೆ ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಪ್ರೋಗ್ರಾಂ.

ನಮ್ಮದು ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವ ಸರ್ವರ್. 8ನೇ ಆವೃತ್ತಿಯ ಕಾಲದಲ್ಲಿ ಹಾಕಿದ್ದು, ಅಪ್‌ಗ್ರೇಡ್ ಮಾಡುತ್ತಾ ಬಂದಿದ್ದೆವು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಅದರ ಪದ್ಧತಿಯ ಹೆಸರು ಯುಎಫ್‌ಎಸ್. ಅದರಲ್ಲಿ ಸಾಫ್ಟ್ ಅಪ್‌ಡೇಟ್ಸ್, ಅಂದರೆ ಡಿಸ್ಕಿಗೆ ಬರೆಯುವ ಕೆಲಸದ ಸರದಿ ತಪ್ಪದಂತೆ ನೋಡಿಕೊಳ್ಳುವ ಸೌಲಭ್ಯ ಇದ್ದರೆ, ಹಠಾತ್ ಆಫ್ ಆದಾಗ ಉಳಿಯುವ ದೋಷ ದೊಡ್ಡದಲ್ಲ. ಯಾರೂ ಬಳಸದ ಜಾಗ 'ಬಳಕೆಯಲ್ಲಿದೆ' ಅಂತ ಬರೆದಿರುತ್ತದೆ, ಅಷ್ಟೇ. ಹಾಗಾಗಿ ನಮ್ಮ ಸರ್ವರ್ ಬೂಟ್ ತಡೆಯದೆ, ಎದ್ದು 60 ಸೆಕೆಂಡ್ ಆದ ಮೇಲೆ ಹಿನ್ನೆಲೆಯಲ್ಲಿ ಈ ತಪಾಸಣೆ ಶುರು ಮಾಡುತ್ತಿತ್ತು. ಈ ತಪಾಸಣೆ ಮೊದಲು ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ ತೆಗೆಯುತ್ತದೆ. ಆ ಹೊತ್ತಿನಲ್ಲಿ ಬರೆಯುವ ಕೆಲಸ ಕೆಲಕಾಲ ನಿಂತೇ ಬಿಡುತ್ತದೆ. ಆಮೇಲೆ ಎಲ್ಲ ಫೈಲುಗಳ ಲೆಕ್ಕ ತೆಗೆಯಲು ಡಿಸ್ಕನ್ನು ಆ ತುದಿಯಿಂದ ಈ ತುದಿಗೆ ಓಡಿಸುತ್ತದೆ. ಮಿಲ್ಲಿನಲ್ಲಿ ಕಾಂಟಾ ಒಂದೇ ಇದ್ದಾಗ ಗೋದಾಮಿನ ಚೀಲವನ್ನೆಲ್ಲ ಮತ್ತೆ ತೂಗಲು ತಂದರೆ ಲಾರಿ ನಿಲ್ಲಲೇಬೇಕಲ್ವಾ, ಹಾಗೆ.

ತಪಾಸಣೆ ಮುಗಿಯದಿದ್ದರೆ ಡಿಸ್ಕಿನ ಮೇಲಿನ 'ಶುದ್ಧವಲ್ಲ' ಗುರುತು ಹೋಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಮತ್ತೆ ಮೊದಲಿನಿಂದ. ಮೂರು ಸಲವೂ ಮುಗಿಯುತ್ತಿದ್ದ ಕೆಲಸವನ್ನು ನಾನೇ ಅಳಿಸಿಹಾಕಿದ್ದೆ! ಸುಮ್ನೆ ಬಿಟ್ಟಿದ್ದರೆ ಮಧ್ಯಾಹ್ನದ ಊಟದೊಳಗೆ ತಾನೇ ಮುಗಿಸುತ್ತಿತ್ತು.

ಆ ರಾತ್ರಿ ಹಿನ್ನೆಲೆ ತಪಾಸಣೆಯನ್ನು ಆಫ್ ಮಾಡಿದೆ. ಈಗ ಸರ್ವರ್ ತಪಾಸಣೆ ಮುಗಿಸಿಯೇ ಏಳುತ್ತದೆ. ಅರ್ಧಂಬರ್ಧ ಓಡುವ ಸರ್ವರ್‌ಗಿಂತ ಇನ್ನೂ ಏಳದ ಸರ್ವರ್ ವಾಸಿ ಅಂತ ನನ್ನ ಅನಿಸಿಕೆ, ಒಪ್ಪದವರೂ ಇದ್ದಾರೆ. ನಂತರ ಒಂದು ಭಾನುವಾರ ಸರ್ವರನ್ನು ರಿಪೇರಿಗೆಂದೇ ಇರುವ ಸಿಂಗಲ್ ಯೂಸರ್ ಮೋಡ್‌ಗೆ ಒಯ್ದು ಜರ್ನಲಿಂಗ್, ಅಂದರೆ ಬದಲಾವಣೆಗಳ ದಿನಚರಿ ಬರೆದಿಡುವ ಸೌಲಭ್ಯ ಹಾಕಿದೆ. ಅದು 2012ರ 9.0ರಿಂದಲೇ ಇತ್ತು, ನಾವೇ ಹಚ್ಚಿರಲಿಲ್ಲ. ಅದಿದ್ದರೆ ಇಡೀ ಡಿಸ್ಕ್ ಜಾಲಾಡಬೇಕಿಲ್ಲ, ಕೊನೆಯ ಬದಲಾವಣೆಗಳನ್ನಷ್ಟೇ ನೋಡಿದರೆ ಸಾಕು.

ಯುಪಿಎಸ್ ಬಿಚ್ಚಿದೆವು. ಬಿಸಿಲಿಗೆ ಬ್ಯಾಟರಿಗಳು ಪೂರಿಯಂತೆ ಉಬ್ಬಿದ್ದವು. ಹೊಸದರ ಬಿಲ್ ನೋಡಿ ಸಾಹುಕಾರರು ಕೇಳಿದರು: "ತಪ್ಪು ಡಿಸ್ಕಿಂದು ಅಂದ್ರಿ, ರೊಕ್ಕ ಬ್ಯಾಟರಿಗ್ಯಾಕ್ರೀ?"